ಅಲಗು ನಿಲ್ಲುವ ತನಕ

ಊರಿಗೆಲ್ಲ ಚಿಕ್ಕಮ್ಮನಾದ ಲೆಂಪಿಯನ್ನು ಏನು ಕೇಳಿದರೂ ಉತ್ತರ ಒಡನೆ ಬರುವುದಿಲ್ಲ. ಕೇಳಿದವರ ಮಾತು ಮುಗಿಯಬೇಕು, ಮುಗಿದ ಮಾತಿನ ಅನುರಣನವೂ ಅಡಗಬೇಕು, ಇನ್ನು ಇವರು ಬಾಲ ಸೇರಿಸುವುದಿಲ್ಲವೆಂದು ಖಾತ್ರಿಯಾಗಬೇಕು. ಅಲ್ಲಿಯವರೆಗೆ ಆಕೆ ತನ್ನ ತಿಳಿನೀಲಿ ಕಣ್ಣುಗಳನ್ನು ಎದುರಿನವರ ಗದ್ದದ ಮೇಲೆ ನೆಟ್ಟು, ಎರಡೂ ಕೈಗಳನ್ನು ಏನನ್ನೋ ಹಿಡಿದವಳಂತೆ ಹೊಟ್ಟೆಯ ಮುಂದೆ ಇಟ್ಟುಕೊಂಡು ಸುಮ್ಮನೆ ನಿಂತಿರುತ್ತಾಳೆ. ಹೊಸಬರು ಕಿವಿ ಮಂದವೆಂದು ತಿಳಿದು ಅದೇ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳುತ್ತಾರೆ. ಆಗ ಆಕೆ ಮೊದಲಿನಿಂದ ಕಾಯಲು ಶುರುಮಾಡುತ್ತಾಳೆ. ಹೀಗಾಗಿ ನಮ್ಮೂರಿನಲ್ಲಿ ಅವಸರದವರಿಗೇ ಆಕೆಯ ಉತ್ತರ ಎಲ್ಲರಿಗಿಂತ ತಡವಾಗಿ ಸಿಗುವುದು.

ಈ ಮೌನವನ್ನು ಆಕೆಗೆ ಕಲಿಸಿದ ಗುರು ಒಂದು ಮಷಿನ್ನು, ರೌಟರ್. ಮರಗೆಲಸದ ಪರಿಚಯವಿದ್ದವರಿಗೆ ಗೊತ್ತು: ಸಣ್ಣ ಬಿಂದಿಗೆಯ ಗಾತ್ರದ ಆ ಯಂತ್ರವನ್ನು ಎರಡು ಹಿಡಿಗಳಲ್ಲಿ ಹಿಡಿದು ಹಲಗೆಯ ಮೇಲೆ ನಡೆಸಿದರೆ, ಅದರ ಹೊಟ್ಟೆಯಡಿ ಗಿರಗಿರನೆ ತಿರುಗುವ ಅಲಗು ಮರದಲ್ಲಿ ತೋಡು ತೆಗೆಯುತ್ತದೆ, ಅಂಚನ್ನು ದುಂಡಗೆ ಮಾಡುತ್ತದೆ, ಬಲ್ಲವರ ಕೈಯಲ್ಲಿ ಅಕ್ಷರ ಬರೆಯುತ್ತದೆ. ಸ್ವಿಚ್ ಆರಿಸಿದ ಮೇಲೂ ಅಲಗು ಒಂದಷ್ಟು ಹೊತ್ತು ತಿರುಗುತ್ತಲೇ ಇರುತ್ತದೆ. ಸದ್ದು ಇಳಿದಿರುತ್ತದೆ, ಕಣ್ಣಿಗೂ ನಿಂತಂತೆ ಕಾಣುತ್ತದೆ, ಆದರೆ ನಿಂತಿರುವುದಿಲ್ಲ. ಆ ಮಧ್ಯಂತರದಲ್ಲಿ ಅದನ್ನು ಕೆಳಗಿಟ್ಟವರ, ಅದರತ್ತ ಬೆರಳು ಚಾಚಿದವರ ಕಥೆಗಳು ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ಬೇಕಾದಷ್ಟು ಸಿಗುತ್ತವೆ. ಲೆಂಪಿ ಮಾತ್ರ ಅಲಗು ಪೂರ್ತಿ ನಿಲ್ಲುವ ತನಕ ಯಂತ್ರವನ್ನು ಎದೆಯ ಮಟ್ಟದಲ್ಲಿ ಹಿಡಿದು ನಿಂತಿರುತ್ತಾಳೆ, ಅಷ್ಟು ಹೊತ್ತು ಯಾರೊಡನೆಯೂ ಮಾತಾಡುವುದಿಲ್ಲ. ಮನುಷ್ಯರ ಬಾಯಿಯನ್ನೂ ಆಕೆ ಅದೇ ಜಾತಿಗೆ ಸೇರಿಸಿದ್ದಾಳೆ ಎಂದು ನನ್ನ ಅನುಮಾನ.

ಆಕೆಯ ಕೋಟು ಸುಪೀರಿಯರ್ ಸರೋವರದ ದಂಡೆಯಲ್ಲಿರುವ ನಮ್ಮ ಪುಟ್ಟ ಊರಿನ ಹೆಗ್ಗುರುತುಗಳಲ್ಲೊಂದು. ಊರ್ಹೋ ಎಂಬ ಆಕೆಯ ಗಂಡ ಚರ್ಚಿಗೆ ಹೋಗಲೆಂದು ಹೊಲಿಸಿಕೊಂಡಿದ್ದ ಬೂದು ಉಣ್ಣೆಯ ಕೋಟು ಅದು. ಅವನು ತೀರಿಕೊಂಡ ಮೇಲೆ ಆಕೆ ಅದರ ತೋಳುಗಳನ್ನು ಮೊಣಕೈಗೆ ಸರಿಯಾಗಿ ಕತ್ತರಿಸಿ ತಾನು ಹಾಕಿಕೊಂಡಳು. ನಾದಿನಿ ಮನೆಗೆ ಬಂದು, ಕಾಫಿಯನ್ನು ಮುಟ್ಟದೆ, "ಸತ್ತವನ ಕೋಟಿಗೂ ಕತ್ತರಿ ಹಾಕಿದ್ಯಲ್ಲೇ, ನಿಂಗೆ ಕರುಳು ಅನ್ನೋದು ಇದ್ಯಾ?" ಎಂದು ಬಿಕ್ಕಿಬಿಕ್ಕಿ ಅತ್ತಳಂತೆ. ಲೆಂಪಿ ಬಿಕ್ಕು ನಿಲ್ಲುವ ತನಕ ಕಾದು, "ಉದ್ದ ತೋಳು ಅಲಗಿಗೆ ಸಿಕ್ಕಿದ್ರೆ ಕೈನೂ ಜೊತೆಗೆ ಕರ್ಕೊಂಡು ಹೋಗುತ್ತೆ ಕಣೇ. ಊರ್ಹೋ ಇದ್ದಿದ್ರೆ ಕತ್ತರಿ ಅವನೇ ತಂದುಕೊಡ್ತಿದ್ದ" ಎಂದಳಂತೆ. ನಾದಿನಿ ಬಹುಕಾಲ ಮಾತು ಬಿಟ್ಟಿದ್ದಳು. ಲೆಂಪಿಗೆ ಅದರಿಂದ ಬೇಸರವಾಯಿತೇ ನೆಮ್ಮದಿಯಾಯಿತೇ ಎಂದು ನಾನು ಕೇಳಲು ಹೋಗಲಿಲ್ಲ.

ಆ ಕೋಟಿನ ಬಲಜೇಬು ಮಾತ್ರ ಸದಾ ಜೋತುಬಿದ್ದಿರುತ್ತದೆ. ಅಲಗು ಬದಲಿಸುವ ಮುನ್ನ ಗೋಡೆಯಿಂದ ಪ್ಲಗ್ ಕಿತ್ತು, ಆ ತುದಿಯನ್ನು ಜೇಬಿಗೆ ಇಳಿಬಿಟ್ಟುಕೊಳ್ಳುವುದು ಆಕೆಯ ಪದ್ಧತಿ. ಒಮ್ಮೆ ಹಾಗೇ ಮರೆತು ಕಾಫಿ ಪಾತ್ರೆಯತ್ತ ನಡೆದವಳನ್ನು ವೈರು ಹಗ್ಗ ಕಟ್ಟಿದ ಕರುವಿನಂತೆ ಹಿಂದಕ್ಕೆಳೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಿತ್ತರೆ ಸಾಲದೇ, ನೆಲದ ಮೇಲೆ ಬಿದ್ದಿದ್ದರೆ ಏನು ಗಂಟು ಹೋಗುತ್ತದೆ ಎಂದು ಆಗ ವಾದಿಸಿದೆ.

"ನೆಲದ ಮೇಲೆ ಬಿದ್ದಿದ್ರೆ ಯಾರೋ ಪುಣ್ಯಾತ್ಮ ಸಹಾಯ ಮಾಡೋಣ ಅಂತ ಎತ್ತಿ ಸಿಕ್ಕಿಸ್ತಾನೆ ಆರ್ವೋ," ಎಂದಳು ಕೊಂಚ ಹೊತ್ತು ಬಿಟ್ಟು. "ನನ್ನ ಜೇಬಿಗೆ ಕೈ ಹಾಕೋ ಗಂಡಸು ಈ ಊರಲ್ಲಿ ಯಾರಿದ್ದಾನೆ?"

ಆರ್ವೋ ಎಂದರೆ ನಾನು. ಊರಿನ ಹಾರ್ಡ್‌ವೇರ್ ಅಂಗಡಿ ನನ್ನದು. ಮೊಳೆ ಮಾರುವವನಿಗೆ ಮರಗೆಲಸವೂ ಬರುತ್ತದೆಂಬ ಭ್ರಮೆಯಲ್ಲಿ ನಾನೂ ಆಕೆಯ ಶೆಡ್ಡಿನ ಸದಸ್ಯ. ಹಿಂದೆ ಅಗ್ನಿಶಾಮಕ ಠಾಣೆಯಾಗಿದ್ದ ಕಟ್ಟಡ ಈಗ ಊರಿನವರೆಲ್ಲರ ಮರಗೆಲಸದ ಶೆಡ್ಡು. ಶನಿವಾರ ಸಂಜೆ ನಾವೆಲ್ಲ ಸೌನಾದ ಬಿಸಿಹಬೆಗೆ ಮೈಯೊಡ್ಡಲು ಅವಸರಿಸುತ್ತಿರುವಾಗ ಆಕೆ ಮಾತ್ರ ಮಣೆಯ ಮೇಲೆ ಕೂತು ಯಂತ್ರವನ್ನು ಬಿಚ್ಚುತ್ತಾಳೆ. ಅಲಗನ್ನು ಕಚ್ಚಿ ಹಿಡಿಯುವ ಚಕ್ಕನ್ನು ಹಿತ್ತಾಳೆಯ ಬ್ರಷ್ಷಿನಿಂದ ಒಳಗೂ ಹೊರಗೂ ತಿಕ್ಕಿ, ಅಲಗಿಗೆ ಹತ್ತಿದ ಮರದ ಅಂಟನ್ನು ಸಾಬೂನುನೀರಿನಲ್ಲಿ ನೆನೆಸಿ ತೆಗೆದು, ಗಾಳಿಕಿಂಡಿಗಳ ಹೊಟ್ಟನ್ನು ಊದಿ, ವೈರಿನ ಉದ್ದಕ್ಕೂ ಬೆರಳಾಡಿಸಿ ಎಲ್ಲಾದರೂ ಸೀಳಿದೆಯೇ ಎಂದು ನೋಡುತ್ತಾಳೆ. "ಇದರ ಸ್ನಾನ ಮೊದಲು, ನಂದು ಆಮೇಲೆ" ಎಂಬುದು ಆಕೆಯ ಶನಿವಾರದ ಮಂತ್ರ. ಚಕ್ಕಿನೊಳಗೆ ಒಂದು ಚಿಟಿಕೆ ಹೊಟ್ಟು ಉಳಿದರೂ ಅಲಗು ಜಾರುತ್ತದೆ, ಮೊಂಡಾದ ಅಲಗು ಮರವನ್ನು ಸುಡುತ್ತದೆ ಎಂಬುದನ್ನು ಆಕೆ ಬೈದು ಹೇಳಿದವಳಲ್ಲ. ಸುಟ್ಟ ವಾಸನೆ ಬಂದರೆ ಮೂಗು ಮುಚ್ಚಿಕೊಂಡು ಎದ್ದು ಹೊರಗೆ ಹೋಗಿಬಿಡುತ್ತಾಳೆ. ಬೈಗುಳವೇ ವಾಸಿ.

ಶೆಡ್ಡಿಗೆ ಆಕೆ ಮಾಡಿಟ್ಟ ಕಟ್ಟಳೆಯೊಂದಿದೆ. ರೌಟರ್ ಮುಟ್ಟುವವರೆಲ್ಲ ಪ್ರತಿ ಶರತ್ಕಾಲದಲ್ಲೂ ಹೊಸದಾಗಿ ಪರೀಕ್ಷೆಗೆ ನಿಲ್ಲಬೇಕು. "ಹೋದ ವರ್ಷದ ಕೈ ಈ ವರ್ಷದ ಕೈ ಅಲ್ಲ." ಪರೀಕ್ಷಕರನ್ನು ಪರೀಕ್ಷೆಗೆ ನಿಲ್ಲುವವರೇ ಆರಿಸಿಕೊಳ್ಳಬಹುದು, ಆದರೆ ಮುಲಾಜು ನೋಡದವರನ್ನೇ ಆರಿಸಬೇಕು. ತಪ್ಪಿದರೆ ಅಭ್ಯಾಸ ಮಾಡಿ ಯಾವಾಗ ಬೇಕಾದರೂ ಮತ್ತೆ ನಿಲ್ಲಬಹುದು, ಆದರೆ ಗೆಲ್ಲುವ ತನಕ ಒಂಟಿಯಾಗಿ ಯಂತ್ರ ಮುಟ್ಟುವಂತಿಲ್ಲ. ಆಕೆಯೂ ಪ್ರತಿ ವರ್ಷ ಚಾಚೂ ತಪ್ಪದೆ ನಿಲ್ಲುತ್ತಿದ್ದಳು, ನಾವು ಯಾರಾದರೂ ನಗುತ್ತಾ ಪಾಸ್ ಎನ್ನುತ್ತಿದ್ದೆವು. ಅದು ಆಕೆಗೆ ಸಿಟ್ಟು ತರುತ್ತಿತ್ತೆಂದು ಈಗ ಹೊಳೆಯುತ್ತದೆ.

ಆಕೆಯ ಕೈಗೆ ಊರಿನಲ್ಲಿ ಇನ್ನೊಂದು ಮಹತ್ವವಿತ್ತು. ನಮ್ಮಲ್ಲಿ ಪ್ರತಿ ಮನೆಯ ದಾರಿಬಾಯಿಯಲ್ಲೂ ಆಳೆತ್ತರದ ಕಂಬ, ಕಂಬಕ್ಕೆ ಸೀಡರ್ ಮರದ ಹಲಗೆ, ಹಲಗೆಯಲ್ಲಿ ಮನೆಯವರ ಹೆಸರು. ಅಕ್ಷರಗಳು ಅರ್ಧ ಬೆರಳು ಆಳ. ಜನವರಿಯ ಹಿಮಗಾಳಿಯಲ್ಲಿ ಕಣ್ಣು ಕೆಲಸಕ್ಕೆ ಬಾರದೇ ಹೋದಾಗ ಕೈಗವಸಿನ ಬೆರಳಿನಿಂದ ತಡವಿ, ಇದು ಯಾರ ಮನೆಯೆಂದು ಓದಿಕೊಳ್ಳಬೇಕು. ನನ್ನ ತಂದೆಗೆ ಎದೆನೋವು ಬಂದ ದಿನ ಆಂಬುಲೆನ್ಸಿನ ಹುಡುಗಿ ಹಾಗೆಯೇ ಓದಿಕೊಂಡು ನಮ್ಮ ಬಾಗಿಲು ಬಡಿದಿದ್ದಳು. ಆ ಹಲಗೆಯನ್ನು ದಾಟುವಾಗ ಇಂದಿಗೂ ನನ್ನ ಕೈ ನಮಸ್ಕಾರಕ್ಕೆಂಬಂತೆ ತಾನಾಗಿ ಟೋಪಿಗೆ ಹೋಗುತ್ತದೆ. ಊರಿನಲ್ಲಿ ಯಾರೇ ಹೊಸದಾಗಿ ಮನೆ ಮಾಡಲಿ, ಮೊದಲ ಹಿಮಕ್ಕೆ ಮುಂಚೆ ಲೆಂಪಿಯ ಹಲಗೆ ಬಂದು ನಿಲ್ಲುತ್ತದೆ. ಕೇಳಬೇಕಿಲ್ಲ, ಬೆಲೆ ಕೊಡುವಂತಿಲ್ಲ. ಪೆನ್ಸಿಲ್ ಗೆರೆಯಿಲ್ಲದೆ, ಪಟ್ಟಿಯ ಆಸರೆಯಿಲ್ಲದೆ ಬರಿಗೈಯಲ್ಲಿ ಆಕೆ ಕೊರೆಯುತ್ತಿದ್ದ ಆ ಅಕ್ಷರಗಳ ಕೊನೆಗೊಂದು ಪುಟ್ಟ ಬಾಲವಿರುತ್ತಿತ್ತು. ಆ ಬಾಲದ ಬಗ್ಗೆ ಆಕೆಗೆ ಹೆಮ್ಮೆಯಿತ್ತು, ಹೇಳಿಕೊಳ್ಳುತ್ತಿರಲಿಲ್ಲ ಅಷ್ಟೆ.

ಇನ್ನು ಡೆನ್ಜಿಲ್ ಪೆಂಗೆಲಿಯ ಮಾತು. ಹಿಮ ತಳ್ಳುವ ಲಾರಿಯ ಡ್ರೈವರು, ಬೆಟ್ಟದಂಥ ಆಳು, ಜೇಬಿನಲ್ಲಿ ಸದಾ ಮಾಂಸದ ಕಡುಬು, ನಾಲಗೆಯಲ್ಲಿ ಸದಾ ಎದುರಿನವರ ಮಾತಿನ ಕೊನೆ. ನೀವು ಅರ್ಧ ಹೇಳಿ, ಉಳಿದರ್ಧ ಅವನು ಹೇಳುತ್ತಾನೆ, ಹೆಚ್ಚಿನ ಸಲ ತಪ್ಪಾಗಿ. ಇಂಥವನಿಗೆ ರೌಟರ್ ಕಲಿಯುವ ಹುಚ್ಚು ಹತ್ತಿತು. ಮೊದಲ ಪರೀಕ್ಷೆಯಲ್ಲಿ ಪ್ಲಗ್ ಗೋಡೆಯಲ್ಲೇ ಇರುವಾಗ ಅಲಗಿಗೆ ಕೈ ಹಾಕಿದ; ಮುಂದಕ್ಕೆ ನೋಡುವ ಅಗತ್ಯವೇ ಬೀಳಲಿಲ್ಲ. ಮರುವರ್ಷ ಅಲಗು ನಿಲ್ಲುವ ಮುನ್ನ ಯಂತ್ರವನ್ನು ಕೆಳಗಿಟ್ಟ. ಅದು ಕಪ್ಪೆಯಂತೆ ನೆಗೆದು ಮೇಜನ್ನು ಕಚ್ಚಿತು. ಲೆಂಪಿ ಆ ಗಾಯದ ಸುತ್ತ ಪೆನ್ಸಿಲಿನಿಂದ ವೃತ್ತ ಎಳೆದು, ಉಜ್ಜಿ ಸರಿಮಾಡಕೂಡದೆಂದು ಅಪ್ಪಣೆ ಮಾಡಿದಳು. ಈಗಲೂ ಅದಕ್ಕೆ 'ಡೆನ್ಜಿಲ್ ಕಚ್ಚಿದ ಜಾಗ' ಎಂದೇ ಹೆಸರು. ಆಮೇಲಿನ ಸಲ ಅಲಗನ್ನು ಚಕ್ಕಿನ ತಳ ಮುಟ್ಟುವಂತೆ ತುರುಕಿ ಬಿಗಿದ.

"ತಳ ಮುಟ್ಟಿಸಿ ಕೂದಲೆಳೆಯಷ್ಟು ಮೇಲಕ್ಕೆತ್ತಬೇಕು ಕಣೋ," ಎಂದಳು ಲೆಂಪಿ. "ತಳದಲ್ಲೇ ಬಿಗಿದ್ರೆ ಗಟ್ಟಿಯಾಯ್ತು ಅಂತ ಕೈಗೆ ಅನ್ಸುತ್ತೆ, ಆಗಿರಲ್ಲ."

"ಗೊತ್ತು ಚಿಕ್ಕಮ್ಮ, ಬಿಸಿಯಾದ್ರೆ ಅದು ಹಿಗ್ಗಿ ಸಡಿಲ ಆಗುತ್ತೆ."

"ಗೊತ್ತಿದ್ದೂ ಮಾಡಿದ್ರೆ ಇನ್ನೂ ಕೆಟ್ಟದ್ದು."

ತಿರುಗುವ ಅಲಗಿಗೆ ಎದುರಾಗಿ ಯಂತ್ರವನ್ನು ನಡೆಸಬೇಕೆಂಬುದನ್ನು ಕಲಿಯಲು ಅವನಿಗೆ ಮತ್ತೊಂದು ಚಳಿಗಾಲ ಹಿಡಿಯಿತು. "ಅದು ಎಳೆದ ಕಡೆ ನೀನು ಹೋದ್ರೆ, ಅದೇ ನಿನ್ನನ್ನ ಕೆಲಸಕ್ಕೆ ಇಟ್ಕೊಂಡಂಗೆ" ಎಂಬ ಮಾತು ಅವನಿಗೆಂದೇ ಹುಟ್ಟಿದ್ದು. ಅಂತೂ ಪಾಸಾದ ದಿನ ಅವನು ಲಾರಿಯ ಹಾರನ್ ಒತ್ತಿಕೊಂಡೇ ಊರೆಲ್ಲ ಸುತ್ತಿದ. ನಾವು ಎಲ್ಲೋ ಬೆಂಕಿ ಬಿದ್ದಿದೆಯೆಂದು ಬೀದಿಗೆ ಓಡಿಬಂದಿದ್ದೆವು.

ಹೋದ ಬೇಸಿಗೆಯಲ್ಲಿ ಡೆನ್ಜಿಲ್ ಗುಡ್ಡದ ರಸ್ತೆಯಲ್ಲಿ ಒಂದು ಹಳೆಯ ಮನೆ ಕೊಂಡ. ಎಲ್ಲರಿಗೂ ದಾರಿ ಬಿಡಿಸುವವನಿಗೆ ಕೊನೆಗೂ ತನ್ನದೊಂದು ದಾರಿಬಾಯಿ ಆಯಿತು. ಇನ್ನು ಹಲಗೆ ಬರಬೇಕಷ್ಟೆ ಎಂದು ಎಲ್ಲರೂ ಅಂದುಕೊಂಡಿದ್ದಾಗಲೇ ಲೆಂಪಿ ನನ್ನ ಅಂಗಡಿಗೆ ಬಂದು ಹಿತ್ತಾಳೆಯ ಸ್ಕ್ರೂ ಕೇಳಿದಳು. ಆರಿಸಿ ಗಾಜಿನ ಮೇಜಿನ ಮೇಲೆ ಇಡುವಾಗ ಆಕೆಯ ಬೆರಳುಗಳ ನಡುವೆ ಅವು ಒಂದಕ್ಕೊಂದು ತಾಗಿ ಟಣಟಣಿಸಿದವು. ಈಚೆಗೆ ಆಕೆ ಕಾಫಿಯನ್ನು ಅರ್ಧ ಬಟ್ಟಲು ಮಾತ್ರ ಬಗ್ಗಿಸಿಕೊಳ್ಳುತ್ತಿದ್ದುದು ಆಗ ನೆನಪಾಯಿತು. ನಾನು ತಲೆಯೆತ್ತಿದೆ. ಆಕೆ ನನ್ನನ್ನೇ ನೋಡುತ್ತಿದ್ದಳು.

"ನೋಡಿದ್ಯಲ್ಲ. ಡಾಕ್ಟ್ರು ಇದಕ್ಕೊಂದು ಹೆಸರು ಹೇಳಿದ್ರು. ಸಾಯಿಸಲ್ವಂತೆ, ಬಿಟ್ಟೂ ಹೋಗಲ್ವಂತೆ. ಇನ್ನು ಬಾಯಿ ಮುಚ್ಕೊಂಡು ಸ್ಕ್ರೂ ಕಟ್ಟು."

ಅಂಗಡಿಯ ಗಂಟೆ ಕಿಣಿಗುಟ್ಟಿ ಆಕೆ ಹೊರಗೆ ಹೋದಳು. ಆಕೆಗೆ ಮಕ್ಕಳಿಲ್ಲ, ಊರ್ಹೋ ಇಲ್ಲ. ಬೆಳಗಾದರೆ ಎದ್ದು ಹೋಗಲು ಇದ್ದದ್ದು ಆ ಯಂತ್ರ, ಆ ಹಲಗೆಗಳು. ಕೈ ಅದನ್ನೂ ಕಸಿದುಕೊಂಡರೆ ಈ ಹೆಂಗಸು ಏನು ಹಿಡಿದು ಬದುಕುತ್ತಾಳೆ ಎಂದು ನನಗೆ ನಿಜವಾಗಿಯೂ ಭಯವಾಯಿತು.

ಪರೀಕ್ಷೆಯ ದಿನ ಆಕೆಯ ಸರದಿ ಬಂದಾಗ ನಾನೇ ಮುಂದೆ ಬಂದು, ನಾನು ನೋಡುತ್ತೇನೆ ಬಿಡಿ ಎಂದೆ. ಆಕೆ ಎಂದಿನಂತೆ ಕಾದಳು.

"ನೀನು ಬೇಡ ಆರ್ವೋ. ನೀನು ನನಗೆ ಹೆದರ್ತೀಯ. ಹೆದರೋನು ಪಾಸ್ ಮಾಡ್ಬಿಡ್ತಾನೆ. ಡೆನ್ಜಿಲ್, ಬಾ ಇಲ್ಲಿ."

ಡೆನ್ಜಿಲ್‌ನ ಬಾಯಲ್ಲಿದ್ದ ಕಡುಬು ಅಲ್ಲೇ ನಿಂತಿತು. "ನಾನಾ ಚಿಕ್ಕಮ್ಮ? ನಿಮ್ಮನ್ನ ನಾನು…"

"ನೀನೇ ಕಣೋ. ಫೇಲಾಗೋದು ಅಂದ್ರೆ ಏನು ಅಂತ ಈ ಊರಲ್ಲಿ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಎಲ್ಲರೂ ನಕ್ಕರು, ನಾನೊಬ್ಬ ನಗಲಿಲ್ಲ. ಆಕೆ ಕೊರೆಯಲು ಆರಿಸಿಕೊಂಡದ್ದು ಅವನದೇ ಮನೆಯ ಹಲಗೆ. ಪ್ಲಗ್ ಜೇಬಿಗೆ ಹೋಯಿತು, ಅಲಗು ತಳ ಮುಟ್ಟಿ ಕೂದಲೆಳೆಯಷ್ಟು ಮೇಲೆದ್ದಿತು, ಚಕ್ಕು ಬಿಗಿಯಾಯಿತು, ಹಲಗೆಯನ್ನು ಕ್ಲ್ಯಾಂಪುಗಳು ಮೇಜಿಗೆ ಅವುಚಿದವು, ಕನ್ನಡಕ ಮತ್ತು ಕಿವಿಮುಚ್ಚುಗೆಗಳು ತಮ್ಮ ತಮ್ಮ ಸ್ಥಾನ ಸೇರಿದವು. ಅಲ್ಲಿಯವರೆಗೆ ಎಲ್ಲವೂ ಶಾಸ್ತ್ರೋಕ್ತ. ಪ್ಲಗ್ ಗೋಡೆಗೆ ಮರಳಿ, ಯಂತ್ರ ಮೊರೆದು, ಅಲಗು ಮರಕ್ಕಿಳಿಯಿತು. ಮೊದಲ ಅಕ್ಷರದ ತಿರುವಿನಲ್ಲಿ ಆಕೆಯ ಕೈ ಯಂತ್ರವನ್ನು ನಡುಗಿಸಿತು, ಗೆರೆ ಕೋಳಿ ಕೆದರಿದಂತೆ ಅಂಚು ಮೀರಿತು. ಆಕೆ ಸ್ವಿಚ್ ಆರಿಸಿ, ಅಲಗು ನಿಲ್ಲುವ ತನಕ ಹಿಡಿದು ನಿಂತಳು.

ಡೆನ್ಜಿಲ್ ಹಲಗೆಯನ್ನು ನೋಡಿದ, ಕಿಟಕಿಯಾಚೆ ನೋಡಿದ, ಮತ್ತೆ ಹಲಗೆಯನ್ನು ನೋಡಿದ. ಅವನು ಏನು ಹೇಳಬೇಕೆಂದು ಎಲ್ಲರಿಗೂ ಗೊತ್ತಿತ್ತು. ಹೇಳದೇ ಇದ್ದರೆ ಸಾಕೆಂದು ಎಲ್ಲರೂ ಬಯಸುತ್ತಿದ್ದೆವು. ಹುಟ್ಟಿದಾರಭ್ಯ ಎಲ್ಲರ ಮಾತಿಗೂ ಮುಂದೆ ಓಡಿದವನಿಗೆ ಅಂದು ತನ್ನ ಮಾತೇ ಹೊರಡಲಿಲ್ಲ. ಕೊನೆಗೆ ಬಲಗೈಯನ್ನು ಚಾಚಿದ.

"ಚಿಕ್ಕಮ್ಮ… ಪ್ಲಗ್ ಕೊಡಿ."

ಆಕೆ ಗೋಡೆಯ ಬಳಿ ನಡೆದು, ಪ್ಲಗ್ ಕಿತ್ತು, ಜೇಬಿಗೆ ಬಿಡದೆ ಅವನ ಅಂಗೈಯಲ್ಲಿ ಇಟ್ಟಳು. ಅವನ ಕಣ್ಣು ತುಂಬಿತ್ತು. ಆಕೆಯ ಕಣ್ಣು ಒಣಗಿತ್ತು.

"ನೀನು ಸರಿಯಾಗೇ ನೋಡಿದೆ ಕಣೋ, ನಾನು ಫೇಲು," ಎಂದಳು. "ನಿನ್ನ ಹಲಗೆ ಬೇರೆ ಯಾರಾದ್ರೂ ಮಾಡ್ಕೊಡ್ಲಿ. ಹಿಮ ಇನ್ನೇನು ಬಂದ್ಬಿಡುತ್ತೆ."

"ಬೇಡ. ನಾನು ಕಾಯ್ತೀನಿ."

ಆ ಕ್ರಿಯಾಪದವನ್ನು ಡೆನ್ಜಿಲ್ ಪೆಂಗೆಲಿಯ ಬಾಯಲ್ಲಿ ನಾವು ಅಲ್ಲಿಯವರೆಗೆ ಕೇಳಿರಲಿಲ್ಲ.

ಕಾದ. ಹಿಮ ಬಂತು, ಸರೋವರದ ಗಾಳಿ ಬಂತು, ಊರಿನ ದಾರಿಯನ್ನೆಲ್ಲ ಬಿಡಿಸುವವನ ಬಾಗಿಲನ್ನು ಅಲ್ಲಿ ಮನೆಯಿದೆಯೆಂದೇ ತಿಳಿಯದೆ ಅವನ ಜೊತೆಗಾರ ಡ್ರೈವರೇ ಹಿಮದಡಿ ಹೂತುಬಿಟ್ಟ. ಅವನಿಗೆ ಬಂದ ಪಾರ್ಸಲುಗಳು ಪಕ್ಕದ ಮನೆ ಸೇರಿದವು. ನಾನು ಕನಿಕರದಿಂದ, "ಒಂದು ತಗಡಿನ ಬೋರ್ಡಾದ್ರೂ ಹಾಕ್ಕೊಳ್ಳೋ ಮಾರಾಯ, ನಾನೇ ಕೊಡ್ತೀನಿ" ಎಂದೆ.

"ಹಲಗೆ ಬರುತ್ತೆ."

"ಬರದೇ ಹೋದ್ರೆ?"

"ನಡುಗ್ತಿರೋದು ಕೈ ತಾನೇ, ತಲೆ ಅಲ್ಲವಲ್ಲ?"

ಲೆಂಪಿ ಶೆಡ್ಡಿಗೆ ಬರುವುದನ್ನು ಬಿಡಲಿಲ್ಲ. ಒಲೆಯ ಪಕ್ಕದ ಸ್ಟೂಲಿನಲ್ಲಿ ಕೂತು, ಬೇರೆಯವರು ಅಲಗು ಬದಲಿಸುವಾಗ ಅವರ ಪ್ಲಗ್ಗನ್ನು ತನ್ನ ಜೇಬಿನಲ್ಲಿ ಕಾಯುತ್ತಿದ್ದಳು; ಆ ಜೇಬಿಗಿಂತ ಭದ್ರವಾದ ಜಾಗ ಊರಿನಲ್ಲಿರಲಿಲ್ಲ. ಆದರೆ ಬಟ್ಟಲಲ್ಲಿ ಕಾಫಿ ಆರುತ್ತಿತ್ತು, ಏಲಕ್ಕಿ ಬ್ರೆಡ್ಡು ಹಾಗೇ ಉಳಿಯುತ್ತಿತ್ತು, ನೋಟ ಒಂದೇ ಕಡೆ ನೆಟ್ಟಿರುತ್ತಿತ್ತು. ಶೋಕವೆಂದು ನಾನು ತಿಳಿದೆ. ಆಕೆ ನೋಡುತ್ತಿದ್ದದ್ದು ಬಾಗಿಲ ಪಕ್ಕ ನಾವು ಬಿಚ್ಚಿಟ್ಟ ಹಿಮದ ಮೆಟ್ಟುಗಳನ್ನು; ಮೆತ್ತನೆಯ ಹಿಮದಲ್ಲಿ ಕಾಲು ಹೂತುಹೋಗದಂತೆ ಬೂಟಿನಡಿ ಕಟ್ಟಿಕೊಳ್ಳುವ, ಮೊರದಷ್ಟಗಲದ ಮೆಟ್ಟುಗಳು.

ಚಳಿ ಇನ್ನೂ ಬಿಗಿಯಾಗಿದ್ದ ಒಂದು ಬೆಳಗ್ಗೆ ಅಂಗಡಿಗೆ ಬಂದು, ದಪ್ಪನೆಯ ಪ್ಲಾಸ್ಟಿಕ್ ಹಾಳೆ, ಬಾಗಿಲಿಗೆ ಹಾಕುವ ಎರಡು ದುಂಡನೆಯ ಮರದ ಹಿಡಿ ಕೇಳಿದಳು.

"ಯಾವ ಬಾಗಿಲಿಗೆ ಚಿಕ್ಕಮ್ಮ?"

ಕಾದಳು. ನಾನೂ ಕಾದೆ, ಆ ಹೊತ್ತಿಗೆ ಊರೇ ಕಲಿತುಬಿಟ್ಟಿತ್ತು.

"ಕಾಲು ಹೂತ್ಕೊಂಡ್ರೆ ನಾವು ನಡೆಯೋದು ಬಿಡ್ತೀವಾ? ಪಾದ ಅಗಲ ಮಾಡ್ಕೋತೀವಿ."

ಆಕೆ ಮಾಡಿದ್ದು ಅಷ್ಟೆ: ಯಂತ್ರದ ಅಂಗೈಯಗಲದ ಬುಡವನ್ನು ಕಳಚಿ, ಮೊಳದುದ್ದದ ಪಾರದರ್ಶಕ ಬುಡವನ್ನು ಕೂರಿಸಿ, ಅದರ ಎರಡು ತುದಿಗೆ ಆ ಮರದ ಹಿಡಿಗಳನ್ನು ಹಾಕಿದಳು. ಈಗ ಹಿಡಿ ತಗ್ಗಿನಲ್ಲಿದೆ, ಮೊಣಕೈಯಿಂದ ಮಣಿಕಟ್ಟಿನವರೆಗೆ ತೋಳು ಮೇಜಿನ ಆಸರೆಯ ಮೇಲೆ ಒರಗುತ್ತದೆ, ಒರಗಿದ ತೋಳು ನಡುಗಲು ಹೊರಟರೂ ಅಗಲದ ಬುಡ ಅಷ್ಟು ಸುಲಭಕ್ಕೆ ಅಲುಗುವುದಿಲ್ಲ. ಜೊತೆಗೆ ಗೆರೆಯ ಪಕ್ಕ ಒಂದು ಮರದ ಪಟ್ಟಿ. ಅದಕ್ಕೆ ಒತ್ತಿ ನಡೆಸಬೇಕು. ಜೀವಮಾನವೆಲ್ಲ ಆಸರೆಯ ಪಟ್ಟಿ ಹಿಡಿದವರನ್ನು, "ಗೋಡೆ ಹಿಡ್ಕೊಂಡು ನಡೆಯೋ ಮಗು" ಎಂದು ಹಂಗಿಸಿದವಳು ತಾನೇ ಪಟ್ಟಿ ಹಿಡಿದಳು. ಡೆನ್ಜಿಲ್ ಜೊತೆಗಿರುವಾಗ ಮಾತ್ರ, ಕಟ್ಟಳೆಯ ಪ್ರಕಾರ, ಹಳೆಯ ಹಲಗೆ ಚೂರುಗಳ ಮೇಲೆ ಅಭ್ಯಾಸ ಮಾಡಿದಳು. ಮೊದಮೊದಲು ಒಲೆಗೆ ಹೋದ ಚೂರುಗಳೇ ಹೆಚ್ಚು. ಅಕ್ಷರದ ಬಾಲವಂತೂ ಎಷ್ಟು ಹೆಣಗಿದರೂ ಬರಲಿಲ್ಲ. ಒಂದು ದಿನ ಆಕೆ ಅದನ್ನು ಕೈಬಿಟ್ಟಳು.

ಸರೋವರದ ಮಂಜುಗಡ್ಡೆ ಒಡೆಯತೊಡಗಿದ ವಾರ ಆಕೆ ಮತ್ತೆ ಪರೀಕ್ಷೆಗೆ ನಿಂತಳು. ಪರೀಕ್ಷಕ ಅವನೇ, ಹಲಗೆ ಅವನದೇ. ಶೆಡ್ಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಾತು ಬಿಟ್ಟಿದ್ದ ನಾದಿನಿಯೂ ಬಂದು ಬಾಗಿಲ ಬಳಿ ನಿಂತಿದ್ದಳು. ಒಂದೇ ಏಟಿಗೆ ಆಳಕ್ಕಿಳಿಯದೆ, ತೆಳ್ಳನೆಯ ಪದರ ಪದರವಾಗಿ, ಅದೇ ಗೆರೆಯ ಮೇಲೆ ಮತ್ತೆ ಮತ್ತೆ ನಡೆದು ಆಕೆ ಕೊರೆದಳು. ದುಂಡಗಿರಬೇಕಾದ ಅಕ್ಷರಗಳೂ ನೇರ ಗೆರೆಗಳಿಂದಲೇ ಕೂಡಿಕೊಂಡವು, ದಿಮ್ಮಿಗಳನ್ನು ಜೋಡಿಸಿ ನಮ್ಮ ಅಜ್ಜಂದಿರು ಕಟ್ಟಿದ ಮನೆಗಳ ಹಾಗೆ. ಕೊನೆಯ ಗೆರೆ ಮುಗಿದು ಸ್ವಿಚ್ ಆರಿತು. ಆಕೆ ಯಂತ್ರವನ್ನು ಎತ್ತಿ ಹಿಡಿದು ನಿಂತಳು. ಅಲಗು ತಿರುಗುತ್ತಿತ್ತು.

ಡೆನ್ಜಿಲ್‌ನ ಬಾಯಿ ತೆರೆಯಿತು. ನಾನು ನೋಡಿದೆ, ತೆರೆದದ್ದು ಹಾಗೇ ಮುಚ್ಚಿಕೊಂಡಿತು. ಅಲಗು ನಿಂತಿತು, ಪ್ಲಗ್ ಆಕೆಯ ಜೇಬು ಸೇರಿತು. ಡೆನ್ಜಿಲ್ ತನ್ನ ಜೇಬಿನಿಂದ ಲಾರಿಯ ಕೊಳಕು ಕೈಗವಸನ್ನು ತೆಗೆದು ಹಾಕಿಕೊಂಡ. ಗಟ್ಟಿಯಾಗಿ ಕಣ್ಣು ಮುಚ್ಚಿ, ಹಿಮಗಾಳಿಯಲ್ಲಿ ದಾರಿ ತಪ್ಪಿದವನಂತೆ, ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ತಡವಿ ಓದಿದ.

"ಸಿಕ್ತು ಮನೆ," ಎಂದ. "ಪಾಸ್." ಕಣ್ಣು ತೆರೆದು, "ಬಾಲ ಎಲ್ಲಿ ಚಿಕ್ಕಮ್ಮ?"

"ನಿನಗ್ಯಾಕೋ ಅದು? ಹುಟ್ಟುವಾಗಲೇ ಬಂದಿರೋ ಬಾಲ ಸಾಲದೇ?" ಎಂದಳು ಲೆಂಪಿ, ಈ ಸಲ ಒಂದು ಕ್ಷಣವೂ ಕಾಯದೆ.

ಜನ ನಕ್ಕ ನಗೆಗೆ ಹಳೆಯ ಠಾಣೆಯ ಕಿಟಕಿಗಳು ಅದುರಿದವು. ಆಕೆ ಹೊಟ್ಟು ಒರೆಸಿಕೊಳ್ಳುವವಳಂತೆ ಕನ್ನಡಕವನ್ನು ಬಹಳ ಹೊತ್ತು ಒರೆಸಿಕೊಂಡಳು.

ಕಟ್ಟಳೆ ಮಾಡುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಬಹಳ ಮಂದಿ ಗೋಡೆ ಕಟ್ಟುವಾಗಲೇ ತಮಗೆಂದು ಹಿಂಬಾಗಿಲೊಂದನ್ನು ಬಿಟ್ಟುಕೊಂಡಿರುತ್ತಾರೆ. ಲೆಂಪಿಯ ಕುಲದವರು ವಿರಳ. ಅವರು ತಮ್ಮ ಕಟ್ಟಳೆಗೆ ತಾವೇ ಮೊದಲು ತಲೆ ಕೊಡುತ್ತಾರೆ, ಮುಲಾಜಿಲ್ಲದವನನ್ನೇ ಕರೆದು ತೂಕಕ್ಕೆ ನಿಲ್ಲುತ್ತಾರೆ, ಕಡಿಮೆ ಬಿದ್ದರೆ ತಕ್ಕಡಿಯನ್ನು ಬೈಯದೆ ಮನೆಗೆ ಹೋಗಿ ಪಾದ ಅಗಲ ಮಾಡಿಕೊಂಡು ಬರುತ್ತಾರೆ. ಅವರ ಅಕ್ಷರಗಳ ಬಾಲ ಉದುರಿದರೂ ಆಳ ಉಳಿದಿರುತ್ತದೆ. ಬಿರುಗಾಳಿಯ ದಿನ ಬೆರಳು ಹುಡುಕುವುದು ಆ ಆಳವನ್ನೇ.